ಮೊದಲ ಚಿಲಕ

ಬೋರ್ಡಿನ ಮ್ಯಾಲ ‘ಬಾಗವಾನ ಬ್ರದರ್ಸ್, ಫ್ರಿಜ್ ರಿಪೇರಿ’.
ಅಂಗಡ್ಯಾಗ ಉಸ್ತಾದ ಒಬ್ಬಾಂವ,
ಸ್ಕ್ರೂ ಡಬ್ಬಿ ಹಿಡಕೊಂಡು ನಿಂತಾಂವ ನಾ.
ಕಾಶವ್ವ ಬಾರಕೇರ ತಳ್ಳುಗಾಡ್ಯಾಗ ಹೇರಿಕೊಂಡು ಬಂದಳು,
ಎತ್ತರಕ ನನ್ನಷ್ಟ, ತೂಕಕ ನನ್ನಂಥಾ ಐದು ಮಂದಿ.
ಮುಳುಗಡಿಗಿಂತ ಮೊದಲ, ಹಳೇ ಬಾಗಲಕೋಟಿಯ
ಜವಳಿ ಸಾವುಕಾರರ ಪಡಸಾಲ್ಯಾಗ
ಕಸೂತಿ ಮುಸುಕು ಹೊದ್ದುಕೊಂಡು
ಸೋಡಾ ಬಾಟ್ಲಿ ತಣ್ಣಗ ಮಾಡತಿತ್ತಂತ.

“ಇದರಾಗ ಮೀನಿಗೆ ಹೊಗಿ ಕೊಡಬೇಕು” ಅಂದಳು.
ಉಸ್ತಾದ ಹಸನಡೋಂಗ್ರಿ ನಗಲಿಲ್ಲ.
ಬೀಡಿ ಆರಿಸಿದ.
“ಮೊದಲ ಚಿಲಕ” ಅಂದ.

ಕಾರಿನ ಹಿಡಿಕಿಯಂಥಾ ಚಿಲಕ.
ಹೊರಗಿನಿಂದ ಖಟ್ ಅಂದರ ಮುಗೀತು,
ಒಳಗಿನಿಂದ ಕೂಗಿದರ ಅದಕ್ಕ ಕಿವಿ ಇಲ್ಲ.
ನಾಕು ಸ್ಕ್ರೂ, ಮೂವತ್ತು ವರ್ಷದ ತುಕ್ಕು, ಸೀಮೆಎಣ್ಣಿ.
ಮುಂಜಾನಿ ಪೂರಾ ಹೋತು.
ಗ್ಯಾಸ್ ನೋಡಲಿಲ್ಲ, ಕಂಪ್ರೆಸರ್ ಮುಟ್ಟಲಿಲ್ಲ,
ಚಾ ಕೆನಿಗಟ್ಟಿತು.
ಕೈಗೆ ಬಂದದ್ದನ್ನ ಸುತ್ತಿಗೀಲೆ ಚಪ್ಪಟಿ ಮಾಡಿ
ಚಪ್ಪಟಿ ಆದ ಮ್ಯಾಲೂ ಹೊಡದ.

ಆಮ್ಯಾಲಿನ ಕೆಲಸ ನನಗ ಕಲಿಸಿದ್ದು.
ತಾಮ್ರದ ಕೊಳವಿ ಹಂಗ ಕೊಯ್ಯಬ್ಯಾಡ,
ಒಳಗ ಹಳೇ ಉಸಿರು ಐತಿ;
ಮಷೀನ ಹಚ್ಚಿ ಸಿಲಿಂಡರಿಗೆ ಇಳಿಸು.
ರಬ್ಬರ್ ಕಿತ್ತು ತೆಗಿ, ಪ್ಲಾಸ್ಟಿಕ್ ತಟ್ಟಿ ಕಿತ್ತು ತೆಗಿ.
“ಬಿಸಿಗೆ ಬೆವತದ್ದು ಮೀನಿಗೆ ಹತ್ತತೈತಿ, ತಮ್ಮಾ,
ಮೀನಿಗೆ ಹತ್ತಿದ್ದು ಮಂದಿಗೆ.”
ಗೋಡಿಯೊಳಗ ಗಾಜಿನ ಅರಳಿ ತುರಕಿದ್ದರು.
ಮೂಗಿಗೆ ಅರಿವಿ ಕಟ್ಟಿ ತೆಗದರೂ
ಮೂರು ದಿನ ಮೈಯೆಲ್ಲ
ಸಜ್ಜಿ ರಾಶಿಯಾಗ ಹೊರಳಾಡಿದಂಗ ನವಿ.

ಕಾಶವ್ವ ಬೇಲಿಯ ಜಾಳಿಗಿ ತಂದಳು, ಸತುವು ಬಳದದ್ದು.
ಉಸ್ತಾದ ಉಗುರಲೆ ಕೆರದು ನೋಡಿ ವಾಪಸ್ ಕೊಟ್ಟ:
“ಇದು ಕುರಿ ಕಾಯಾಕ ಬೇಷ. ಕಾದರ ಇದರ ಹೊಗಿನ ವಿಷ.”
ಮರುದಿನ ಸ್ಟೀಲಿನ ಸರಳು ಬಂದುವು,
ಮದಿವ್ಯಾಗ ಕೊಟ್ಟ ತಾಟಿನ ಸ್ಟ್ಯಾಂಡು ಮುರಿಸಿದ್ದು.
ಗಂಡಗ ಇನ್ನೂ ಹೇಳಿಲ್ಲಂತ.

ಬೆಂಕಿ ಒಳಗಲ್ಲ, ಹೊರಗ.
ಒಂದು ಮಾರು ಆಚೆ ಕಲ್ಲಿನ ಒಲಿ,
ನಡುವ ಕಬ್ಬಿಣದ ಕೊಳವಿ,
ನೆತ್ತಿಗೆ ಮುಚ್ಚೂದು ತೆಗಿಯೂದು ಒಂದು ತೂತು.
ಮಾವಿನ ಕಟಿಗಿ ಆಗತೈತಿ, ಗೋವಿನಜೋಳದ ದಿಂಡು ಆಗತೈತಿ,
ಬಣ್ಣ ಬಳದ ಬಾಗಿಲ ಚೂರು ಮಾತ್ರ ಬ್ಯಾಡ.
ಮೊದಲ ಹೊಗಿ ಯಾರಿಗೂ ಅಲ್ಲ:
ದಿನಪೂರ ಖಾಲಿ ಕಪಾಟಿಗೆ ಉಣಿಸಿದಿವಿ,
ಅದರ ಹಳೇ ವಾಸನಿ ಹೋಗೂತನಕ.

ಬಾಗಿಲಿಗೆ ಈಗ ಸ್ಪೀಕರಿನ ಅಯಸ್ಕಾಂತ.
ಆರಿದ ಮ್ಯಾಲ ಉಸ್ತಾದ ಸರಳು ಸರಿಸಿ ಅಂದ: “ಒಳಗ ಹೋಗು.”
ಮೊಳಕಾಲು ಗದ್ದಕ್ಕ ಹಚ್ಚಿ ಕುಂತೆ.
ಮುಚ್ಚಿದ.
ಅಂಥಾ ಕತ್ತಲಿ ನಾ ಬಾವ್ಯಾಗೂ ಕಂಡಿರಲಿಲ್ಲ.
“ಕಿರಿಬಟ್ಟಲೆ ನೂಕು,” ದೂರದಿಂದ ಬಂದಂಗ ದನಿ.
ನೂಕಿದೆ. ಬಿಸಲು, ಬಿಸಲಿನಾಗ ಅವನ ಮಾರಿ.
“ಇನ್ನೊಮ್ಮೆ.”
ಏಳು ಸಲ.
ಏಳನೇ ಸಲಕ್ಕ ನಾ ಹೊರಗ ಬಂದರೂ
ಅವನ ಕಣ್ಣು ಇನ್ನೂ ಒಳಗ ಹುಡುಕತಿದ್ದುವು.

ಆ ದೀಪಾವಳಿಗೆ ಬೋರ್ಡಿಗೆ ಬಣ್ಣ ಹಚ್ಚಾಕ ಏರಿದೆ.
“ಬ್ರದರ್ಸ್ ಅನ್ನೂದು ಅಳಸಲ್ಯಾ?”
“ಅದಕ್ಕ ಎರಡು ಕೈ ಬಳಿ” ಅಂದ.

ಕಾಶವ್ವ ಹಿನ್ನೀರಿನ ಚೇಳಿಮೀನು ಕಳಿಸಿದಳು,
ರಾತ್ರಿಯೆಲ್ಲ ಉಪ್ಪುನೀರಾಗ ಇದ್ದದ್ದು,
ಹಗಲೆಲ್ಲ ಹೊಗ್ಯಾಗ ಇದ್ದದ್ದು, ತಾಮ್ರದ ಬಣ್ಣದ್ದು.
ಸಾವುಕಾರರ ಪಡಸಾಲಿಯ ಮ್ಯಾಲ ಈಜಿದ್ದೋ ಏನೋ.
ಖಡಕ್ ರೊಟ್ಟಿಗೆ ಹಚ್ಚಿ
ಮುಳ್ಳು ಒಂದೊಂದ ತೆಗದು ಕಾಗದದ ಅಂಚಿಗೆ ಇಟ್ಟ,
ನನ್ನ ಪಾಲಿನವೂ ಅವನ ತೆಗದ.

“ಉಪ್ಪು ಕಡಿಮಿ ಆತು” ಅಂದ.