ಉದ್ರಿ ಖಾತೆ

ಗಲ್ಲಾದ ಮೇಲಿನ ಬೋರ್ಡು ನಾನೇ ಬರೆದದ್ದು:
ಇಂದು ನಗದು, ನಾಳೆ ಉದ್ರಿ.
ಮರಾಠಿಯಲ್ಲೊಂದು, ಕನ್ನಡದಲ್ಲೊಂದು.
ಕನ್ನಡದ್ದನ್ನು ಓದುವವರು ಮೂರೇ ಜನ,
ನಾನು, ಶೆಟ್ರು, ಸಿಲಿಂಡರ್ ತರುವ ಮಡಿವಾಳಪ್ಪ.

ಮುಲುಂಡಿನ ಈ ರಸ್ತೆ ನಮ್ಮ ಹೋಟೆಲಿಗೆ ಬಂದು ಮುಗಿಯುತ್ತದೆ.
ಆಮೇಲೆ ಒಂದು ಗೋಡೆ. ಗೋಡೆಯಲ್ಲೊಂದು ಕಿಂಡಿ.
ಪಾಲಿಕೆ ಮೂರು ಸಲ ಮುಚ್ಚಿತು,
ಮೂರು ಸಲವೂ ಚೆಂಡು ಹುಡುಕುವ ಹುಡುಗರು ತೆರೆದರು.
ಕಿಂಡಿಯಾಚೆ ಗುಡ್ಡ.
ಬೆಳಗಿನ ಹೊತ್ತು ಗುಡ್ಡದ ಮೇಲೆ ಮಲಗಿರುತ್ತದೆ
ಇಪ್ಪತ್ತೆಂಟು ಮಹಡಿಯ ನೆರಳು.

ರಾತ್ರಿ ಹನ್ನೊಂದೂವರೆಗೆ ಶಟರ್ ಅರ್ಧ ಇಳಿಸಿ
ನಾನು ಚಿಲ್ಲರೆ ಎಣಿಸುವಾಗ
ಹಿಂಬಾಗಿಲಲ್ಲಿ ದುಷ್ಮಂತ ಎಂಜಲ ಡ್ರಮ್ಮು ಉರುಳಿಸುತ್ತಿದ್ದ.
ಮುರಿದ ದೋಸೆ, ಹಳಸಿದ ಸಾಂಬಾರು, ತಟ್ಟೆಯಂಚಿನ ಅನ್ನ.
ಅದಕ್ಕೆ ಹಂದಿ, ಹೆಗ್ಗಣ, ಏಳು ನಾಯಿ.
ಏಳರಲ್ಲೊಂದಕ್ಕೆ ಹೆಸರಿತ್ತು: ಪಾರ್ಸೆಲ್.
ಪೊಟ್ಟಣ ಹಿಡಿದು ಹೊರಟ ಯಾರ ಹಿಂದಾದರೂ
ಬಸ್ ಸ್ಟಾಪಿನ ತನಕ ಹೋಗಿ
ಏನೂ ಸಿಗದೆ, ಬೇಸರವೂ ಇಲ್ಲದೆ, ಮರಳುತ್ತಿತ್ತು.

ಆಷಾಢದ ಒಂದು ರಾತ್ರಿ ನಾಯಿಗಳು ಬೊಗಳಿ ಬೊಗಳಿ
ಒಮ್ಮೆಲೇ ಸುಮ್ಮನಾದವು.
ಬೆಳಿಗ್ಗೆ ಬಂದವು ಆರೇ.
"ಪಾರ್ಸೆಲ್ ಹೋಯ್ತು," ಅಂದ ದುಷ್ಮಂತ.
ಅಭ್ಯಾಸಬಲದಿಂದ ಕೇಳಿಬಿಟ್ಟೆ: "ಬಿಲ್ ಆಯ್ತಾ?"
ನಗಬೇಕಿತ್ತು. ಇಬ್ಬರೂ ನಗಲಿಲ್ಲ.
ಕಿಂಡಿಯ ಕೆಸರಲ್ಲಿ ಹೆಜ್ಜೆ,
ಉದ್ದಿನ ವಡೆಯಷ್ಟು ಗುಂಡಗೆ, ಉಗುರಿನ ಗುರುತಿಲ್ಲದೆ.

ನನ್ನಜ್ಜಿ ಅದನ್ನು ಚಿಟ್ಟೆ ಹುಲಿ ಎನ್ನುತ್ತಿದ್ದಳು.
ರೆಕ್ಕೆ ಇರುವ ಹುಲಿಯೆಂದೇ ನಾನು ತಿಳಿದಿದ್ದೆ,
ದಾಸವಾಳದ ಮೇಲೆ ಕೂರುತ್ತದೆ,
ಮುಟ್ಟಿದರೆ ಬಣ್ಣ ಬೆರಳಿಗೆ ಹತ್ತುತ್ತದೆ.
ಪಾತ್ರೆ ತೊಳೆಯುವ ಬಾಯಜಾ ಹೆಸರೇ ಎತ್ತುವುದಿಲ್ಲ.
"ಅವನು" ಎನ್ನುತ್ತಾಳೆ, ಅಷ್ಟೆ.
ಅವಳ ಪಾಡಾದಲ್ಲಿ ಅವನಿಗೊಂದು ಕಲ್ಲು, ಕಲ್ಲಿಗೆ ಸಿಂಧೂರ,
ವರ್ಷಕ್ಕೊಂದು ಕೋಳಿ.
"ಕೊಟ್ಟರೆ ನಿಮ್ಮನ್ನು ಬಿಡ್ತಾನಾ?"
"ಬಿಡಲಿ ಅಂತಲ್ಲ ಕೊಡೋದು. ಇದ್ದಾನೆ ಅಂತ ಕೊಡೋದು."
ಮತ್ತೆ ಕಡಾಯಿಯ ಕರಿ ಉಜ್ಜತೊಡಗಿದಳು.

ಟವರಿನವರ ಸಭೆ ನಮ್ಮ ಎ.ಸಿ. ಕೋಣೆಯಲ್ಲೇ ನಡೆಯಿತು.
ಒಂಬತ್ತು ಕಾಫಿ, ಎರಡು ಸಕ್ಕರೆ ಇಲ್ಲದ್ದು.
ಬೋನು ಇಡಿಸಿ, ಎಂದರೊಬ್ಬರು.
ಪೇಪರಿಗೆ ಹೋಗದಿರಲಿ, ಫ್ಲಾಟಿನ ರೇಟು ಬೀಳುತ್ತದೆ, ಎಂದರಿನ್ನೊಬ್ಬರು.
ಅರಣ್ಯ ಇಲಾಖೆಯ ಹುಡುಗಿ, ಬೂಟಿನ ತುಂಬ ಕೆಸರು,
ಎಲ್ಲ ಕೇಳಿಸಿಕೊಂಡು ಒಂದೇ ಕೇಳಿದಳು:
"ನಿಮ್ಮ ಕಸ ಎಲ್ಲಿಗೆ ಹೋಗುತ್ತದೆ?"
ಎಲ್ಲರೂ ಕಾಫಿ ಕುಡಿದರು.
ಗಲ್ಲಾದಲ್ಲಿ ನಾನೂ
ಮುಗಿಯದ ಬಿಲ್ಲಿನ ರೋಲು ಬದಲಿಸಿದೆ.

ಈಗ ಡ್ರಮ್ಮಿಗೆ ಮುಚ್ಚಳ, ಮುಚ್ಚಳಕ್ಕೆ ಕಲ್ಲು.
ಎಂಜಲು ಟೆಂಪೋದಲ್ಲಿ ಹೋಗುತ್ತದೆ,
ಯಾವ ಗುಡ್ಡದ ಬುಡಕ್ಕೆಂದು ನಾನು ಕೇಳಿಲ್ಲ.
ದುಷ್ಮಂತ ಮೊಬೈಲಿನಲ್ಲಿ ಒಡಿಯಾ ಭಜನೆ ಜೋರಾಗಿ ಹಾಕಿ
ಉಚ್ಚೆಗೆ ಹೋಗುತ್ತಾನೆ.
ಬಾಯಜಾಳ ಮಗಳು ಟ್ಯೂಷನ್ ಮುಗಿಸಿ ಬರುವಾಗ
ಶೆಟ್ರು ಕಾಣದ ಹಾಗೆ ಗಲ್ಲಾ ಬಿಟ್ಟು
ಕಿಂಡಿಯ ತನಕ ಟಾರ್ಚು ಹಿಡಿಯುತ್ತೇನೆ.
ಆಚೆಯಿಂದ ತಾಯಿಯ ಸಿಳ್ಳೆ ಕೇಳಿದ ಮೇಲೆಯೇ ಮರಳುವುದು.

ನಿನ್ನೆ ಮರಳುವಾಗ
ನೀರಿನ ಟ್ಯಾಂಕಿನ ಮೇಲೆ ಅವನು ಕೂತಿದ್ದ.
ಅರ್ಧ ಮೈಗೆ ಟವರಿನ ಬೆಳಕು,
ಇನ್ನರ್ಧ ಗುಡ್ಡದ್ದು.
ಟಾರ್ಚು ಎತ್ತಲಿಲ್ಲ. ಓಡಲಿಲ್ಲ. ಕಾಲು ಓಡುತ್ತಲೂ ಇರಲಿಲ್ಲ.
ಬಾಕಿ ಇರುವ ಗಿರಾಕಿ ಹಾದಿಯಲ್ಲಿ ಸಿಕ್ಕರೆ
ಮುಖ ತಿರುಗಿಸುತ್ತಾನೆ, ಇಪ್ಪತ್ತು ವರ್ಷ ನೋಡಿದ್ದೇನೆ.
ಇವನು ತಿರುಗಿಸಲಿಲ್ಲ.
ತಿರುಗಿಸಿದ್ದು ನಾನು.

ಬಂದು, ನೀರು ಕುಡಿದು, ಉದ್ರಿ ಪುಸ್ತಕ ತೆರೆದೆ.
ಹೆಸರಿನ ಜಾಗ ಖಾಲಿ ಬಿಟ್ಟು ಬರೆದೆ:
ಪಾರ್ಸೆಲ್, ಒಂದು.
ಕೊಡಬೇಕಾದವನು ಅವನೋ ನಾವೋ ತಿಳಿಯದೆ
ಎರಡು ಕಲಮುಗಳ ನಡುಗೆರೆಯ ಮೇಲೇ ಬರೆದೆ.