ತಿರುವಿನ ಮನೆಯವಳು

ಮಗ್ಗೆ ರಸ್ತೆಯ ತಿರುವಿನಲ್ಲಿ ಇರುವುದು ನನ್ನದೊಂದೇ ಮನೆ.
ಹಾಗಾಗಿ ದೀಪದ ನಂಬರು ನನ್ನ ಕೈಗೆ ಬಂತು.
ಆನೆ ಕಂಡರೆ ಒಂದು ಮಿಸ್ಡ್ ಕಾಲ್:
ಅರ್ಧ ಮೈಲಿ ಆಚೆ, ಡೈರಿ ಸರ್ಕಲ್ಲಿನ ಕಂಬದಲ್ಲಿ
ಕೆಂಪು ಮಿಣುಕುತ್ತದೆ,
ಜನ ನಿಲ್ಲುತ್ತಾರೆ. ಅಷ್ಟೇ ಕೆಲಸ.

"ಹೆಂಗೂ ಒಬ್ಳೇ ಇರ್ತೀಯ, ನಿದ್ದೆನೂ ಕಮ್ಮಿ"
ಅಂದರು ಸೆಕ್ರೆಟರಿ ಧರ್ಮೇಗೌಡರು,
ನಾನಿಲ್ಲದ ಸಭೆಯಲ್ಲಿ ನನ್ನ ಹೆಸರು ಬರೆದು ಬಂದು.
ಸಭೆಗೆ ನಾನು ಹೋಗುವವಳಲ್ಲ.
ಚೀಟಿ, ಸೀಮಂತ, ಕೂಡಿ ಹಪ್ಪಳ ಒತ್ತುವುದು,
ಯಾವುದಕ್ಕೂ.
ಹೊಲಿಗೆ ಮೆಷೀನು, ಎರಡು ಕೋಳಿ, ನನ್ನ ಮೌನ
ಇವನ್ನು ಸಾಕುವುದಕ್ಕೇ ಹೊತ್ತು ಸಾಲದು.
ಬೆನ್ನ ಹಿಂದೆ ಊರು ಇಟ್ಟ ಹೆಸರು ಗೊತ್ತು:
ಒಂಟಿಸಲಗ.
ಬೇಜಾರಿಲ್ಲ. ರವಿಕೆ ಹೊಲಿಸುವುದಕ್ಕೆ
ಸಲಗದ ಬಾಗಿಲಿಗೇ ಬರುತ್ತಾರೆ.

ಇನ್ನು ಹೇಳುವುದು ಯಾರಿಗೂ ಹೇಳದ್ದು.

ಕಾರ್ತಿಕದ ಬೆಳಗಿನ ಜಾವ, ಐದಕ್ಕೆ ಹತ್ತು ನಿಮಿಷ.
ಒಲೆಯ ಬೂದಿ ಗೋರುತ್ತಿದ್ದೆ.
ಕಿಟಕಿಯಾಚೆ ಕತ್ತಲು ಉಸಿರು ಬಿಟ್ಟಿತು.
ನಿಂತಿದ್ದಳು ಮೋಟುಬಾಲದವಳು,
ಹೊಟ್ಟೆಯಡಿಗೆ ಮರಿ.
ರಸ್ತೆಗೆ ಆ ವಾರವಷ್ಟೇ ಬಳಿದ ಬಿಳಿಗೆರೆ;
ಮರಿಗೆ ಅದು ದಾಟಬಹುದಾದದ್ದೋ ಅಲ್ಲವೋ ತಿಳಿಯದು.
ಸೊಂಡಿಲ ತುದಿಯಲ್ಲಿ ಮುಟ್ಟುತ್ತದೆ, ಹಿಂದೆ ಸರಿಯುತ್ತದೆ,
ಮತ್ತೆ ಮುಟ್ಟುತ್ತದೆ,
ನಾನು ದುಬಾರಿ ಸೀರೆಯ ಅಂಚು ನೋಡುವ ಹಾಗೆ.

ಫೋನು ಗೂಡಿನಲ್ಲಿತ್ತು. ಕೈ ಹೋಗಲಿಲ್ಲ.
ಮರೆತೆ ಅಂದರೆ ಸುಳ್ಳಾಗುತ್ತದೆ.
ಪಾಲು ಮಾಡದೆ, ಯಾರಿಗೂ ತೋರಿಸದೆ,
ಬದುಕಿನಲ್ಲಿ ಒಂದನ್ನಾದರೂ
ಇಡಿಯಾಗಿ ಇಟ್ಟುಕೊಳ್ಳೋಣ ಅನ್ನಿಸಿತು.
ಇಟ್ಟುಕೊಂಡೆ.

ಆಮೇಲೆ ಕ್ಯಾನುಗಳ ಸದ್ದು.
ಚೆಲುವಯ್ಯನ ಟಿವಿಎಸ್ಸು, ಒಂದೇ ಕಣ್ಣಿನ ದೀಪ,
ಸರ್ಕಲ್ಲು ದಾಟಿಯಾಗಿದೆ.
ಪ್ಯಾಂಟಿಗೆ ಜಿಪ್ಪು ಹಾಕಿಸಿ
ಎಂಬತ್ತು ರೂಪಾಯಿ ಕೊಡದೆ ಓಡಾಡುವವನು.
ಈಗ ಕರೆ ಒತ್ತಿದೆ. ದೀಪ ಹೊತ್ತಿರಬೇಕು,
ಅವನ ಬೆನ್ನ ಹಿಂದೆ.

ಅಂಗಳಕ್ಕೆ ಬಿದ್ದು ಕೂಗಿದೆ.
ಹನ್ನೆರಡು ವರ್ಷದಲ್ಲಿ ನಾನು ಬೀದಿಗೆ ನಿಂತು
ಕೂಗಿದ ಮೊದಲ ಹೆಸರು
ಚೆಲುವಯ್ಯ ಅಂತಾಯಿತು, ನೋಡಿ.
ಗಾಡಿ ವಾಲಿತು. ಹಾಲು ಚೆಲ್ಲಿತು.
ಬಿಳಿಗೆರೆ ಹಾಲಿನಲ್ಲಿ ಕಾಣದಾದ ಮೇಲೆ
ಮರಿ ಸಲೀಸಾಗಿ ದಾಟಿತು,
ತಾಯಿಯ ಹಿಂದೆ ಶುಂಠಿ ಹೊಲದೊಳಕ್ಕೆ.

ಡೈರಿಯಲ್ಲಿ ನನ್ನನ್ನು ಹೊಗಳಿದರಂತೆ.
"ಜೀವ ಉಳಿಸಿದ್ಲು" ಅಂತ ಚೆಲುವಯ್ಯ
ಮಂಡಿಯ ತರಚು ಎಲ್ಲರಿಗೂ ತೋರಿಸಿದನಂತೆ,
ಎಂಬತ್ತರ ಜೊತೆ ಒಂದು ಲೀಟರು ಹಾಲನ್ನೂ ತಂದಿಟ್ಟ.
ಬೇಡ ಅನ್ನಲು ಬಾಯಿ ಬರಲಿಲ್ಲ;
ಬೇಡ ಅಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.
ಹಾಲು ಕೆಡುವತನಕ ಕುಡಿಯಲಿಲ್ಲ.

ಫೋನಿನ ಪಟ್ಟಿಯಲ್ಲಿ ಆ ಕರೆ ಇನ್ನೂ ಇದೆ,
ಐದು ಗಂಟೆ ಒಂದು ನಿಮಿಷ.
ಯಾರೂ ಕೇಳಿಲ್ಲ. ನಾನೂ ಅಳಿಸಿಲ್ಲ.

ಸಭೆಗೆ ಈಗಲೂ ಹೋಗುವುದಿಲ್ಲ.
ಆದರೆ ಮೊದಲು ಕರೆ ಒತ್ತುತ್ತೇನೆ,
ಆಮೇಲೆ ಕಿಟಕಿಗೆ ಬರುತ್ತೇನೆ.
ಜೀಪು ಬರಲು ಹೇಗೂ ಇಪ್ಪತ್ತು ನಿಮಿಷ.
ಅಲ್ಲಿ ಕೆಂಪು ದೀಪದಡಿ ಕಾಲೂರಿ ಅಷ್ಟೂ ಜನ
ಗೊಣಗುತ್ತ, ಬೀಡಿ ಹಚ್ಚುತ್ತ ನಿಂತಿರುತ್ತಾರೆ.
ಅವರು ನಿಂತದ್ದಕ್ಕೇ ಇಲ್ಲಿ ರಸ್ತೆ ಇಷ್ಟು ಖಾಲಿ;
ಅವಳು ಕಿವಿ ಬೀಸುವುದೂ ಕೇಳಿಸುತ್ತದೆ.