ಎಡಗಿವ್ಯಾಗ ಒಂದು ತೊಗರಿ

ಆಟ ಆಡ್ತಾ ಹಾಕ್ಕೊಂಡಾಳ. ಯಾವಾಗ, ಗೊತ್ತಿಲ್ಲ.
ಮಿಲ್ಲಿನ ಹಿಂದ, ಚೀಲದ ನೆರಳಾಗ ಕುಂತು
ಕಾಳು ಎಣಿಸ್ತಿದ್ಲು ಸುಗಲಾ,
ನಾ ಜರಡಿ ಹಿಡಿದಿದ್ದೆ.
ಒಂದು ಕಾಳು ಲೆಕ್ಕ ತಪ್ಪಿದ್ದು
ಮಾಲಕರಿಗೂ ತಿಳೀಲಿಲ್ಲ, ನನಗೂ.

ಮೂರನೇ ದಿನ ಕಿವಿ ಹಿಡಕೊಂಡು
ಗೋಡಿಗೆ ತಲಿ ಬಡಕೊಂಡ್ಲು.
ನಮ್ಮತ್ತಿ ಬೆಳ್ಳುಳ್ಳಿ ಸುಟ್ಟು ಎಣ್ಣಿ ಕಾಸಿ ಕೊಟ್ಲು.
ಬಾಜೂ ಮನಿ ಗುರಮ್ಮ ಅಂದ್ಲು,
ನೀರು ಬಿಡು, ತೇಲಿ ಬರ್ತದ.
ಬಿಟ್ಟೆ.
ಉಗುರು ಬೆಚ್ಚಗಿನ ನೀರು, ನನ್ನ ಕೈಯಾರ,
ಒಂದು ಚಮಚ, ಮತ್ತೊಂದು.

ಎಂಟು ವರ್ಷ ಬ್ಯಾಳಿ ಮಿಲ್ಲಿನಾಗ ದುಡಿದಾಕಿ ನಾ.
ಅಲ್ಲಿ ಹಿಂಗೇ ಮಾಡ್ತೀವಿ:
ಮೊದಲ ಎಣ್ಣಿ ಸವರೋದು, ಆಮ್ಯಾಲ ನೀರು ಚಿಮುಕಿಸೋದು,
ರಾತ್ರಿ ರಾಶಿ ಮುಚ್ಚಿ ಇಡೋದು.
ಕಾಳು ಉಬ್ತದ, ಸಿಪ್ಪಿ ಸಡಲ ಆಗ್ತದ.
ಅದೇ ಹದ, ಅದೇ ಕೈ.
ನೀರುಂಡ ತೊಗರಿ ಏನಾಗ್ತದ ಅಂತ
ನನಗ ಯಾರು ಹೇಳಬೇಕಿತ್ತು?

ಸೂಪರ್ ಮಾರ್ಕೆಟ್ ಮೂಲ್ಯಾಗ ಲಾಡ್ಲೇಸಾಬ ಕುಂತಿರ್ತಾನ,
ಕೆಂಪು ಟೊಪ್ಪಿಗಿಗೆ ಸೂಜಿ, ಹತ್ತಿ, ಚಿಮಟಾ ಸಿಗಿಸಿಕೊಂಡು.
ಗಂಜಿನ ಅಡತಿಯವರು, ಹಮಾಲರು, ಒಬ್ಬರೋ ಇಬ್ಬರೋ ವಕೀಲರು,
ನಲವತ್ತು ವರ್ಷ ಎಲ್ಲಾರ ಕಿವಿ ಕಂಡಾನ.
ಬಿಸಿಲಿಗೆ ಕೂಸಿನ ಕಿವಿ ಹೊಳ್ಳಿಸಿ ನೋಡಿದ.
ಚಿಮಟಾ ತಗೊಂಡ.
ತಿರುಗಿ ಟೊಪ್ಪಿಗಿಗೇ ಸಿಗಿಸಿದ.
"ಗುಗ್ಗಿ ಇದ್ರ ತೆಗೀತಿದ್ದೆ, ಬೇಟಿ. ಇದು ಕಾಳು.
ನಾ ಮುಟ್ಟಿದ್ರ ಒಳಗ ಜಾರ್ತದ. ಒಳಗ ಪರದಾ ಅದ.
ದವಾಖಾನಿಗೆ ನಡಿ."
ರೊಕ್ಕ ಮುಟ್ಟಲಿಲ್ಲ. ಆಟೋಕ್ಕ ತಾನೇ ಕೈ ಮಾಡಿದ.

ದೊಡ್ಡ ದವಾಖಾನಿ, ಹದಿನೇಳನೇ ಕೋಣಿ.
ಡಾಕ್ಟರಮ್ಮನ ಹಣಿ ಮ್ಯಾಲ ಒಂದು ದೀಪ.
ಕಿವಿ ಹಗೂರಕ ಜಗ್ಗಿ, ಸಣ್ಣ ಕೊಳವಿ ಇಟ್ಟು,
"ಹಾದಿ ಒಂದು ಇಂಚು ಇಲ್ಲ, ಅದ್ರಾಗ ಡೊಂಕು.
ಗೋಡಿ ಬಾತು ಮುಚ್ಚಿಕೊಂಡದ. ಕೀವು ಅದ.
ನೀರು ಯಾರು ಹಾಕಿದ್ದು?"
ನಾ ಅತ್ತಿ ಹೆಸರು ಹೇಳಿದೆ.

ಮರುದಿನ ಮುಂಜಾನಿ ಉಪಾಸ ಇಟ್ಟು, ಮಂಪರು ಕೊಟ್ಟು
ಒಳಗ ಒಯ್ದರು.
ಬಾಗಿಲ ಹೊರಗ ನಾ, ಬೆಂಚು, ಫಿನಾಯಿಲ್ ವಾಸನಿ,
ಯಾರದೋ ಬಿಟ್ಟುಹೋದ ಒಂದು ಚಪ್ಪಲಿ.

ಕಾಗದದಾಗ ಇಟ್ಟು ತಂದು ತೋರಿಸಿದ್ರು.
ಸಿಪ್ಪಿ ಬಿರಿದಿತ್ತು. ಕಂಡೂ ಕಾಣದಂಥ ಬಿಳಿ ಮೊಳಕಿ,
ಹೊರಗ ಬರೋ ಹಾದಿ ಹುಡುಕ್ತಿತ್ತೋ
ಒಳಗ ಹೋಗೋ ಹಾದಿಯೋ.

ಔಷಧದಾಗ ಅದ್ದಿದ ಬತ್ತಿ ಕಿವ್ಯಾಗ.
ದಿನಕ್ಕ ಮೂರು ಸಲ ಹನಿ.
ತಲಿ ಮ್ಯಾಲ ನೀರು ಬ್ಯಾಡ, ಕಡ್ಡಿ ಬ್ಯಾಡ, ಪಿನ್ನು ಬ್ಯಾಡ,
ಎಣ್ಣಿ ಅಂತೂ ಒಲಿ ಮ್ಯಾಲೇ ಇರಲಿ.

ಹೊರಡೋ ಮುಂದ ಡಾಕ್ಟರಮ್ಮ ನನಗ ಏನೋ ಕೇಳಿದ್ರು.
ಮೂರು ಸಲ ಕೇಳಿದ್ರಂತ.
ಬಾ ಇಲ್ಲಿ, ಅಂತ ಕೈ ಮಾಡಿ
ದೀಪ ನನ್ನ ಕಡಿ ಹೊಳ್ಳಿಸಿದ್ರು.
ಎಡಗಿವಿ ನೋಡಿದ್ರು. ಬಲಗಿವಿ.
"ಹಾದಿ ಸ್ವಚ್ಛ ಅದ. ಗುಗ್ಗಿ ಇಲ್ಲ, ಕಾಳಿಲ್ಲ."
ನಾ ನಕ್ಕೆ.
ಅವರು ನಗಲಿಲ್ಲ.
"ತೆಗೀಲಿಕ್ಕ ಏನರ ಇದ್ದಿದ್ರ ತೆಗೀತಿದ್ದೆ."
ಮಷೀನಿನ ಸಪ್ಪಳ ಹಾದ್ಯಾಗ ನಿಲ್ಲಂಗಿಲ್ಲಂತ,
ಒಳಮನಿಗೇ ಹೋಗಿ, ಒಂದೊಂದೇ ದೀಪ ಆರಿಸ್ತದಂತ.
ಮಾಲಕರಿಗೆ ಹೇಳು, ಕಿವಿಗೆ ಮುಚ್ಚಳ ಕೊಡಲಿ ಅಂದ್ರು.
ಹೇಳಬೇಕು. ಆ ಸಪ್ಪಳದಾಗ
ಅವರಿಗರ ಏನು ಕೇಳಿಸ್ತದ.

ಬಸ್ಸಿನಾಗ ಸುಗಲಾ ನನ್ನ ತೊಡಿ ಮ್ಯಾಲ.
ಪೊಟ್ಟಣ ಮುಷ್ಟ್ಯಾಗ, ಬಿತ್ತಬೇಕಂತ ಹಟ.
ಗಂಜ್ ದಾಟಿದ ಮ್ಯಾಲ
ನನ್ನ ಕಿವಿಗೆ ಬಾಯಿ ಹಚ್ಚಿ
ಏನೋ ಗುಟ್ಟು ಹೇಳಿದ್ಲು.

ಬಿಸಿ ಉಸಿರು ಬಂತು,
ಒಂದು ಇಂಚು.

ಹೂಂ ಅಂದೆ.